ಕಡೇ ಲಾಂಚೂ, ದಿನ ತುಂಬದೂ

ನಂಗ್ಳ ಕಡೆ ‘ದಿನ ತುಂಬಿದ ಬಸುರಿ’ ಹೇಳಿ ಹೇಳ್ತ. ಕೊಡ ತುಂಬಿದ ಹಾಂಗೆ, ಕಣಜ ತುಂಬಿದ ಹಾಂಗೆ ದಿನವೂ ತುಂಬವು. ತುಂಬಲೆ ಬಿಡವು ಹೇಳದು ಆ ಮಾತಿನ ಒಳಗೇ ಇದ್ದು. ಈಗ ಸೀಮಂತದ ಮನೇಲಿ, ಫೋನಲ್ಲಿ ಕೇಳ ಮಾತೇ ಬೇರೆ. “ಒಂಬತ್ತು ಶುರುವಾತಲೇ, ಡಾಕ್ಟ್ರಿಗೆ ಹೇಳಿ ತೆಗೆಸಿಬಿಡಿ. ಇನ್ನೆಂತಕ್ಕೆ ಕಾಯದು?” ತಾಯಿಗೂ ತೊಂದರೆ ಇಲ್ಲೆ, ಮಗುಗೂ ತೊಂದರೆ ಇಲ್ಲೆ, ಸುಮ್ಮಂಗೆ ಎರಡು ಮೂರು ವಾರ ಮುಂಚೆ. ಈ ಅವಸರ ಎಲ್ಲಿಂದ ಬಂತು ಹೇಳಿ ಹುಡುಕ್ತಾ ಹೋದ್ರೆ, ಅರ್ಧ ಚರಿತ್ರೆ ನಂಗ್ಳ ಹಿನ್ನೀರಲ್ಲೇ ಸಿಗ್ತು.

ಮೊದಲು ಲೆಕ್ಕದ ವಿಷಯ. ಒಂಬತ್ತು ತಿಂಗಳು ಒಂಬತ್ತು ದಿನ ಹೇಳದು ನಂಗ್ಳ ಹಳೇ ಲೆಕ್ಕ. ಚರಕ ಸಂಹಿತೆಲಿ ಒಂಬತ್ತನೇ ತಿಂಗಳು ಶುರುವಾದಲ್ಲಿಂದ ಹತ್ತನೇ ತಿಂಗಳವರೆಗೂ ಹೆರಿಗೆ ಕಾಲ ಹೇಳಿ ಇದ್ದು. ಎಂಟನೇ ತಿಂಗಳಲ್ಲಿ ಹುಟ್ಟಿದರೆ ಅಪಾಯ ಹೇಳಿಯೂ ಅದರಲ್ಲೇ ಇದ್ದು. ‘ಏಳಕ್ಕೆ ಹುಟ್ಟಿದ್ದು ಉಳೀತು, ಎಂಟಕ್ಕೆ ಹುಟ್ಟಿದ್ದು ಉಳೀತಿಲ್ಲೆ’ ಹೇಳ ಅಮ್ಮಮ್ಮಂದಿರ ಮಾತು ನಂಗ್ಳದ್ದು ಮಾತ್ರ ಅಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕರೂ ಹಾಂಗೇ ನಂಬಿದ್ದ, ಹಿಪ್ಪೊಕ್ರೇಟಿಸನ ಹೆಸರಲ್ಲಿರ ಗ್ರಂಥಗಳಲ್ಲಿ ಎಂಟು ತಿಂಗಳ ಕೂಸಿನ ಮೇಲೇ ಒಂದು ಪುಸ್ತಕ ಇದ್ದು. (ಖರೆ ಹೇಳವು ಅಂದ್ರೆ ಎಂಟಕ್ಕೆ ಹುಟ್ಟಿದ್ದು ಏಳಕ್ಕೆ ಹುಟ್ಟಿದ್ದಕ್ಕಿಂತ ಎಷ್ಟೋ ಗಟ್ಟಿ. ಈ ಒಂದು ಮಾತನ್ನ ಬಿಟ್ಟುಬಿಡಲಕ್ಕು.) ಜರ್ಮನಿಯ ಹೈಡೆಲ್‌ಬರ್ಗಿನ ನೇಗೆಲೆ ಹೇಳವ 19ನೇ ಶತಮಾನದಲ್ಲಿ ಪ್ರಚಾರಕ್ಕೆ ತಂದ ಸೂತ್ರವೂ ಹೆಚ್ಚು ಕಮ್ಮಿ ಇದೇಯ: ಕಡೇ ಸಲ ಮುಟ್ಟಾದ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸು. ಅದು 280 ದಿನ, 40 ವಾರ. ತಾಯಿ ಕಾರ್ಡಲ್ಲಿ ಆಶಾ ಕಾರ್ಯಕರ್ತೆ ಬರೆದು ಕೊಡ ತಾರೀಖು ಬಪ್ಪದು ಈ ಲೆಕ್ಕದಿಂದ್ಲೇ.

ಆದ್ರೆ ಮುಟ್ಟಿನ ತಾರೀಖು ಯಾರಿಗೆ ಸರೀ ನೆನಪಿರ್ತು? ‘ಅಮಾಸೆ ಕಳೆದು ಎರಡು ಮೂರು ದಿನಕ್ಕೆ’ ಹೇಳಿಯೇ ನೆನಪು. ಗ್ಲಾಸ್ಗೋದಲ್ಲಿ ಇಯಾನ್ ಡೊನಾಲ್ಡ್ 1958ರಲ್ಲಿ ಶಬ್ದದ ಅಲೆ ಬಿಟ್ಟು ಹೊಟ್ಟೆ ಒಳಗೆ ನೋಡ ದಾರಿ ತೋರಿಸಿದ ಮೇಲೆ ಮಗುವನ್ನೇ ಅಳೆದು ದಿನ ಹೇಳ ಕಾಲ ಬಂತು. ಇಲ್ಲಿ ಒಂದು ಸೂಕ್ಷ್ಮ ಇದ್ದು. ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿಂಗಿನ ತಾರೀಖು ಹೆಚ್ಚಂದ್ರೆ ಒಂದು ವಾರ ಆಚೀಚೆ ಅಪ್ಪದು. ಏಳು ಎಂಟು ತಿಂಗಳಾದ ಮೇಲೆ ಮೊದಲ ಸಲ ಮಾಡಿಸಿದರೆ ಎರಡು ಮೂರು ವಾರವೇ ಹೆಚ್ಚು ಕಮ್ಮಿ ಆಗಲಕ್ಕು. ಅಂಥ ತಾರೀಖು ನಂಬಿ ‘37 ವಾರ ಆತು, ತೆಗೀರಿ’ ಹೇಳಿದರೆ, ಒಳಗಿನ ಮಗುಗೆ ಆಗಿರದು 35 ವಾರವೂ ಇರಲಕ್ಕು.

ಇನ್ನು ನಂಗ್ಳ ಊರ ಕಥೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆತು. ನೀರು ಏರಿ ಗದ್ದೆ ತೋಟ ಹೋತು, ಕರೂರು ಹೋಬಳಿ ಸಾಗರದಿಂದ ಕಡಿದು ಹೋತು. ನಾಡಿಗೆಲ್ಲ ಕರೆಂಟು ಕೊಟ್ಟ ಊರು ಚಿಮಣಿ ಬುಡ್ಡಿ ಹಚ್ಚಿಕ್ಯಂಡು ಕೂತ್ಕತ್ತು. ಆಮೇಲೆ ಹೊಳೆಬಾಗಿಲಲ್ಲಿ ಲಾಂಚು ಬಂತು. ಸಿಗಂದೂರಿಗೆ ಬಪ್ಪ ಭಕ್ತರಿಗೆ ಲಾಂಚು ಹೇಳಿರೆ ಫೋಟೋ ತೆಗೆಸ್ಕಂಬ ಖುಷಿ. ತುಮರಿ, ಬ್ಯಾಕೋಡಿನ ಬಸುರಿಗೆ ಅದೇ ಲಾಂಚು ಗಡಿಯಾರ. ಸಂಜೆ ಕಡೇ ಲಾಂಚು ಹೋದ ಮೇಲೆ ನೋವು ಶುರುವಾದರೆ ನಿಟ್ಟೂರು, ಹೊಸನಗರ ಸುತ್ತಿ ಹೋಗವು, ಅದೂ ಮಳೆಗಾಲದ ಘಟ್ಟದ ರಸ್ತೆಲಿ. ಬೇಸಿಗೆಲಿ ನೀರು ತೀರಾ ಇಳಿದ ವರ್ಷ ಲಾಂಚಿಗೆ ವಾಹನ ಹತ್ತಿಸದೇ ನಿಲ್ಲಿಸ್ತಿದ್ದ.

ಅದಕ್ಕೆ ಹಿಂದಿನವು ಎಂತ ಮಾಡ್ತಿದ್ದ? ಸೂಲಗಿತ್ತಿ ಇದ್ದಷ್ಟು ಕಾಲ ಮನೇಲೇ ಹೆರಿಗೆ. ಸೂಲಗಿತ್ತಿಯ ವಿದ್ಯೆಲಿ ಕಾಯದೇ ದೊಡ್ಡ ಪಾಲು. ಪಾವಗಡದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದು ಹೇಳ್ತ, 2018ರಲ್ಲಿ ಪದ್ಮಶ್ರೀಯೂ ಬಂತು. ನೋವು ತಾನಾಗಿ ಬಪ್ಪವರೆಗೆ ಸೂಲಗಿತ್ತಿಗೆ ಕೆಲಸವೇ ಇಲ್ಲೆ. ಹಾಂಗಂತ ಆ ಕಾಲವೇ ಚೊಲೋ ಇತ್ತು ಹೇಳಿ ಆನಂತೂ ಹೇಳ್ತಿಲ್ಲೆ. ಮಗು ಅಡ್ಡ ಇದ್ದರೆ, ರಕ್ತ ನಿಲ್ಲದೇ ಹೋದರೆ, ತಾಯಿ ಹೋದಹಾಂಗೇ. ಹಳೇ ಮನೆಗಳಲ್ಲಿ ಎರಡನೇ ಮದುವೆ, ಮಲತಾಯಿ ಕಥೆ ಅಷ್ಟೊಂದು ಎಂತಕ್ಕಿದ್ದು ಹೇಳದು ನಿಂಗ್ಳಿಗೂ ಗೊತ್ತಿದ್ದು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, 2008ರಲ್ಲಿ 108 ಆಂಬುಲೆನ್ಸು ಬಂತು. ಈಗ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಲೇ ಆಗ್ತು. ಅದು ಒಳ್ಳೇದೇಯ.

ಲಾಂಚಿನ ಕಾಲದಲ್ಲಿ ತಿಳುವಳಿಕೆ ಇದ್ದ ಮನೆಯವು ಮತ್ತೊಂದು ಉಪಾಯ ಮಾಡ್ತಿದ್ದ. ಡೇಟಿಗೆ ಹದಿನೈದು ಇಪ್ಪತ್ತು ದಿನ ಮೊದಲೇ ಬಸುರಿಯನ್ನ ಸಾಗರದಲ್ಲೋ ಶಿವಮೊಗ್ಗದಲ್ಲೋ ಅತ್ತೆ ಮನೆ, ದೊಡ್ಡಮ್ಮನ ಮನೆ, ಯಾರೂ ಇಲ್ಲದಿದ್ದರೆ ಬಾಡಿಗೆ ರೂಮಲ್ಲಿ ಬಿಡದು. ಕ್ಯೂಬಾ ದೇಶದಲ್ಲಿ ದೂರದ ಹಳ್ಳಿ ಬಸುರಿಯರಿಗೆ ಆಸ್ಪತ್ರೆ ಹತ್ತಿರ ಉಳಕಂಬಲೆ ಸರ್ಕಾರವೇ 1962ರಿಂದ ಮನೆ ಮಾಡಿಟ್ಟಿದ್ದು. ಅದೇ ಕೆಲಸ ನಂಗ್ಳ ಕಡೆ ನೆಂಟರು ಮಾಡಿದ್ದ. ಮನುಷ್ಯ ಮೊದಲೇ ಹೋಗಿ ಕಾಯದು, ಮಗುವನ್ನ ಮೊದಲೇ ತೆಗೆಯದು, ಇವೆರಡೂ ಬೇರೆ ಬೇರೆ. ನಂಗ ಇವೆರಡನ್ನೂ ಒಂದೇ ಮಾಡಿದ್ದೇ ಯಡವಟ್ಟಿಗೆ ಕಾರಣ ಆತು ಹೇಳಿ ಯಂಗೆ ಅನಿಸ್ತು. ನೆಂಟರ ಮನೇಲಿ ಇಪ್ಪತ್ತು ದಿನ ಕೂರದು ಸಂಕೋಚ, ಮನೇಲಿ ಕೊಟ್ಟಿಗೆ ಕೆಲಸ, ಬೆಂಗಳೂರಿನ ಅಳಿಯಂಗೆ ರಜೆ ನಾಲ್ಕೇ ದಿನ. ಎಲ್ಲಕ್ಕೂ ಒಂದೇ ಉತ್ತರ, ‘ಡೇಟ್ ಕೊಡಿ’.

ನಂಗ್ಳ ನೆಂಟರ ಪೈಕಿಯೇ ಒಂದು ಕೂಸಿಗೆ ಹಾಂಗಾತು. ಮಳೆಗಾಲ, ಲಾಂಚಿನ ಹೆದರಿಕೆ, ಜೊತೆಗೆ ಪಂಚಾಂಗ ನೋಡಿ ಒಳ್ಳೇ ನಕ್ಷತ್ರ. 37 ವಾರಕ್ಕೆ ಆಪರೇಷನ್ ಆತು. ಮಗು ತೂಕ ಚೊಲೋ ಇತ್ತು, ಎರಡೂ ಮುಕ್ಕಾಲು ಕೇಜಿ. ಅರ್ಧ ಗಂಟೆಲಿ ಏದುಸಿರು ಶುರು. ಬಾಣಂತಿ ಒಂದು ಊರಲ್ಲಿ, ಮಗು ಆಂಬುಲೆನ್ಸಲ್ಲಿ ಮತ್ತೊಂದು ಊರಿಗೆ. ಆರು ದಿನ ಪೆಟ್ಟಿಗೆಲಿ ಇಟ್ಟಿದ್ದ. ಈಗ ಶಾಲೆಗೆ ಹೋಗ್ತು, ಆರಾಮಿದ್ದು. ಹೊಳೆ ದಾಟದು ತಪ್ಪಲಿ ಹೇಳಿ ಮಾಡಿದ್ದು, ಕಡೇಗೆ ಅದಕ್ಕಿಂತ ದೂರ ಹೋಗಹಾಂಗೆ ಆತು.

ತೂಕ ಬಂದ ಮೇಲೂ ಎಂತಕ್ಕೆ ಹಾಂಗಾಗ್ತು? ಶ್ವಾಸಕೋಶದ ಒಳಗಿನ ಸಣ್ಣ ಸಣ್ಣ ಗೂಡು ಉಸಿರು ಬಿಟ್ಟಾಗ ಮುಚ್ಚಿಹೋಗದ ಹಾಂಗೆ ಒಂದು ನೊರೆಯಂಥ ಲೇಪ ಬೇಕು. ಅದು ಕಮ್ಮಿ ಇದ್ದ ಮಕ್ಕಳಿಗೇ ಉಸಿರಿನ ತೊಂದರೆ ಹೇಳಿ 1959ರಲ್ಲಿ ಅಮೆರಿಕದ ಮೇರಿ ಎಲೆನ್ ಏವರಿ ಹೇಳ ಡಾಕ್ಟರಮ್ಮ ತೋರಿಸಿಕೊಡ್ತು. ಅದಾಗಿ ನಾಲ್ಕು ವರ್ಷಕ್ಕೆ, 1963ರಲ್ಲಿ, ಅಮೆರಿಕದ ಅಧ್ಯಕ್ಷ ಕೆನಡಿಯ ಮಗನೇ ಐದೂವರೆ ವಾರ ಮೊದಲು ಹುಟ್ಟಿ ಇದೇ ತೊಂದರೆಲಿ 39 ಗಂಟೆ ಬದುಕಿ ಹೋತು. ಹುಟ್ಟಿದಾಗ ಎರಡು ಕೇಜಿ ಮೇಲಿತ್ತು. ಈಗಾದರೆ ಇಂಥ ಮಕ್ಕಳು ಉಳೀತ. ಆದ್ರೆ 37 ವಾರಕ್ಕೂ ಆ ಕೆಲಸ ಪೂರ್ತಿ ಆಗಿರ್ತು ಹೇಳಲಾಗ್ತಿಲ್ಲೆ. ಹೊಟ್ಟೆಲಿದ್ದಾಗ ಶ್ವಾಸಕೋಶದಲ್ಲಿ ನೀರು ತುಂಬಿರ್ತು, ಹೆರಿಗೆ ನೋವು ಶುರುವಾದಾಗ ಮಗುವಿನ ಮೈ ಅದನ್ನ ಹೀರಿಕಂಬಲೆ ಶುರು ಮಾಡ್ತು. ನೋವೇ ಬಾರದೇ ಆಪರೇಷನ್ ಮಾಡಿದರೆ ನೀರು ಅಲ್ಲೇ ಉಳಿತು, ಅದಕ್ಕೇ ಏದುಸಿರು. ಮೈಬಿಸಿ ನಿಲ್ಲದ್ದು, ಸಕ್ಕರೆ ಇಳಿಯದು, ಕಾಮಾಲೆ, ಮೊಲೆ ಚೀಪದೇ ನಿದ್ದೆ ಮಾಡದು, ಇವೂ ಹೀಂಗೆ ಬೇಗ ಬಂದ ಮಕ್ಕಳಲ್ಲೇ ಹೆಚ್ಚು. ಮಿದುಳಂತೂ ಕಡೇ ನಾಲ್ಕೈದು ವಾರದಲ್ಲಿ ಮೂರನೇ ಒಂದು ಪಾಲಷ್ಟು ಬೆಳೀತು.

ಅಮೆರಿಕದ ಹೆರಿಗೆ ವೈದ್ಯರ ಸಂಘ ‘ಕಾರಣ ಇಲ್ಲದೇ 39 ವಾರಕ್ಕೆ ಮೊದಲು ಬೇಡ’ ಹೇಳಿ 1979ರಿಂದ್ಲೇ ಹೇಳ್ತಾ ಬೈಂದು. ಯಾರೂ ಕೇಳಿದ್ದಿಲ್ಲೆ. 2009ರಲ್ಲಿ ಒಂದು ದೊಡ್ಡ ಲೆಕ್ಕ ಪ್ರಕಟ ಆತು: ಮೊದಲೊಮ್ಮೆ ಸಿಜೇರಿಯನ್ ಆಗಿ, ಮತ್ತೆ ದಿನ ಗೊತ್ತುಮಾಡಿ ಸಿಜೇರಿಯನ್ ಮಾಡಿಸ್ಕಂಡ 13,258 ಹೆಂಗಸರದ್ದು. 37 ವಾರಕ್ಕೆ ತೆಗೆದ ಮಕ್ಕಳಲ್ಲಿ ನೂರಕ್ಕೆ 15ಕ್ಕೆ, 38ಕ್ಕೆ ತೆಗೆದರಲ್ಲಿ 11ಕ್ಕೆ, 39ಕ್ಕೆ ತೆಗೆದರಲ್ಲಿ 8ಕ್ಕೆ ತೊಂದರೆ ಆಗಿತ್ತು. ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಕ್ಕಳನ್ನ 39 ತುಂಬದ ಒಳಗೇ ತೆಗೆದಿದ್ದ. 2013ರಲ್ಲಿ ಹೆಸರನ್ನೇ ಬದಲು ಮಾಡಿದ. ಅಲ್ಲಿವರೆಗೆ 37 ಆದ್ರೆ ಸಾಕು, ದಿನ ತುಂಬಿದ ಹಾಂಗೇ ಲೆಕ್ಕ. ಆಮೇಲೆ 37, 38 ವಾರದ್ದು ‘ಬೇಗ ಬಂದದ್ದು’, 39 ತುಂಬಿದ ಮೇಲೇ ‘ಪೂರ್ಣ’ ಹೇಳಿ ಮಾಡಿದ. ನಂಗ್ಳ ‘ದಿನ ತುಂಬದು’ ಮಾತಿಗೆ ಅವು ಸುತ್ತಿ ಬಳಸಿ ಬಂದು ಸೇರಿದ್ದ ನೋಡಿ.

ನಂಗ್ಳ ರಾಜ್ಯದಲ್ಲಿ 2015-16ರಲ್ಲಿ ನೂರಕ್ಕೆ 23.6 ಹೆರಿಗೆ ಸಿಜೇರಿಯನ್ ಆಗಿತ್ತು, 2019-21ರ ಹೊತ್ತಿಗೆ 31.5 ಆತು. ಅದೆಲ್ಲ ಅನವಶ್ಯಕ ಹೇಳಲೆ ಬತ್ತಿಲ್ಲೆ. ಬಿಪಿ ಏರಿದರೆ, ಮಗು ಬೆಳೆಯದೇ ನಿಂತರೆ, ಕಸ ಅಡ್ಡ ಬಂದರೆ, ನೀರು ಹೋದರೆ, ಅವಳಿ ಇದ್ದರೆ ಡಾಕ್ಟರು ಬೇಗ ತೆಗೀತ. ಅದು ಜೀವ ಉಳಿಸದು, ಅಲ್ಲಿ ‘39 ಆಗಲಿ’ ಹೇಳಿ ಹಟ ಮಾಡಲಾಗ. 41 ವಾರ ದಾಟಿದ ಮೇಲೆ ಕಾಯದೂ ಒಳ್ಳೇದಲ್ಲ. ಆನು ಹೇಳದು ಎಂತ ಕಾರಣವೂ ಇಲ್ಲದ್ದಕ್ಕೆ. ಡಾಕ್ಟರು ‘ಈಗಲೇ ಮಾಡನ’ ಹೇಳಿದರೆ ‘ಎಂತಕ್ಕೆ? ಮೊದಲ ಸ್ಕ್ಯಾನಿಂಗ್ ಪ್ರಕಾರ ಎಷ್ಟು ವಾರ ಆತು? ಒಂದು ವಾರ ಕಾದರೆ ಯಾರಿಗೆ ತೊಂದರೆ?’ ಹೇಳಿ ಕೇಳಲೆ ಹೆದರಿಕೆ ಎಂತಕ್ಕೆ? ಎಷ್ಟೋ ಸಲ ಒತ್ತಾಯ ಮಾಡದು ಡಾಕ್ಟರಲ್ಲ, ಜೊತೆಗೆ ಹೋದ ನಂಗವೇಯ.

ಮುಹೂರ್ತದ್ದೂ ಹೇಳಿಬಿಡ್ತಿ, ಬೇಜಾರು ಮಾಡ್ಕಳಡಿ. ಹಳೇ ಕಾಲದಲ್ಲಿ ಮಗು ಅತ್ತ ಗಳಿಗೆ ಗುರುತು ಮಾಡಿಟ್ಟು ಆಮೇಲೆ ಜಾತಕ ಬರೆಸ್ತಿದ್ದ. ಮೊದಲು ಮಗು, ಆಮೇಲೆ ಜಾತಕ. ಈಗ ಜಾತಕ ಮೊದಲು ಬರೆಸಿ ಅದಕ್ಕೆ ಸರಿಯಾಗಿ ಮಗು ತೆಗೆಸದು. ಯಾವ ಶಾಸ್ತ್ರಕ್ಕೆ ಇದು ಸೇರ್ತು ಹೇಳಿ ಪುರೋಹಿತರನ್ನೇ ಕೇಳಿ. ನೋಡ್ಲೇಬೇಕು ಹೇಳಾದರೆ, 39 ತುಂಬಿದ ಮೇಲಿನ ದಿನಗಳಲ್ಲೇ ನೋಡಲಿ. ಅಲ್ಲೂ ಒಳ್ಳೇ ನಕ್ಷತ್ರ ಇರ್ತಲಿ.

2025ರ ಜುಲೈ 14ಕ್ಕೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾತು, ಎರಡೂವರೆ ಕಿಲೋಮೀಟರಿಗೆ ಚೂರು ಕಮ್ಮಿ. ಅರವತ್ತು ವರ್ಷ ಕಾದದ್ದು ಅದಕ್ಕೆ. ಮಧ್ಯರಾತ್ರಿ ನೋವು ಬಂದರೂ ಈಗ ಗಾಡಿ ಹೊಳೆ ದಾಟ್ತು. ಈ ಮಳೆಗಾಲದಲ್ಲಿ ನಂಗ್ಳ ಸುತ್ತಮುತ್ತ ಮೂರು ಜನ ಬಸುರಿಯರಿದ್ದ. ಒಂದು ಮನೇಲಿ ಆಗಲೇ ‘ಬೇಗ ಮಾಡಿಸನ’ ಹೇಳ ಮಾತು ಶುರುವಾಯ್ದು. ಎಂತಕ್ಕೆ ಹೇಳಿ ಕೇಳಿದರೆ, “ಲಾಂಚು…” ಹೇಳಿ ಬಾಯಿ ತೆಗೆದು ಅಲ್ಲಿಗೇ ನಿಲ್ಲಿಸ್ತು ಅತ್ತೆ.