ಹಣೆಪಟ್ಟಿ ಮತ್ತು ಹ್ಯಾಶ್‌ಟ್ಯಾಗು

ಹೆಸರಿಡುವ ಅಧಿಕಾರ ಯಾರದು ಎಂಬ ಪ್ರಶ್ನೆ ದಲಿತ ಚರಿತ್ರೆಗೆ ಹೊಸದಲ್ಲ. ಊರವರು ಕಟ್ಟಿದ ಹಣೆಪಟ್ಟಿಯನ್ನು ಕಿತ್ತೊಗೆದು ತಮ್ಮ ಹೆಸರನ್ನು ತಾವೇ ಬರೆದುಕೊಂಡದ್ದು ಈ ಚರಿತ್ರೆಯ ದೊಡ್ಡ ಭಾಗವೇ ಆಗಿದೆ. ಬಾಬಾಸಾಹೇಬರ ಪತ್ರಿಕೆಗಳ ಹೆಸರುಗಳನ್ನು ಸಾಲಾಗಿ ಓದಿ ನೋಡಿ: 1920ರ ‘ಮೂಕನಾಯಕ’, 1927ರ ‘ಬಹಿಷ್ಕೃತ ಭಾರತ’, 1930ರ ‘ಜನತಾ’, 1956ರ ‘ಪ್ರಬುದ್ಧ ಭಾರತ’. ಮಾತು ಕಳೆದುಕೊಂಡವನು ಪ್ರಬುದ್ಧನಾಗುವ ದಾರಿ ಇಷ್ಟರಲ್ಲೇ ಇದೆ. ಗಾಂಧೀಜಿಯವರು 1933ರಲ್ಲಿ ಪತ್ರಿಕೆಗಿಟ್ಟ ‘ಹರಿಜನ’ ಎಂಬ ಹೆಸರು ನಮ್ಮವರನ್ನು ದೇವರಿಗೆ ಒಪ್ಪಿಸಿತೇ ಹೊರತು, ಹೊರಗಿಟ್ಟವರೊಬ್ಬರು ಇದ್ದಾರೆ ಎಂದು ಹೇಳಲಿಲ್ಲ. ‘ಬಹಿಷ್ಕೃತ’ ಎಂಬ ಪದ ಹೇಳುತ್ತಿತ್ತು. ನಮ್ಮ ಜಿಲ್ಲೆಯ ನಿಪ್ಪಾಣಿಗೆ 1925ರಲ್ಲಿ ಬಾಬಾಸಾಹೇಬರು ಬಂದದ್ದು ಬಹಿಷ್ಕೃತರ ಪ್ರಾಂತೀಯ ಪರಿಷತ್ತಿಗೇ.

ಈಗ ಹೆಸರು ಕಟ್ಟುವ ಕೆಲಸ ಮೊಬೈಲಿನಲ್ಲಿ ನಡೆದಿದೆ. ಪದದ ಮುಂದೆ ಒಂದು ಗುರುತು ಹಾಕಿ ಚದುರಿದ ಮಾತುಗಳನ್ನು ಒಂದೆಡೆ ಸೇರಿಸಬಹುದೆಂದು 2007ರಲ್ಲಿ ಟ್ವಿಟರಿನಲ್ಲಿ ಸೂಚಿಸಿದವನು ಕ್ರಿಸ್ ಮೆಸಿನಾ. 2016ರ ಜನವರಿಯಲ್ಲಿ ಹೈದರಾಬಾದಿನಲ್ಲಿ ರೋಹಿತ್ ವೇಮುಲ ತೀರಿಕೊಂಡಾಗ ಅದು ನಮ್ಮ ಕೈಗೂ ಬಂತು. ಆಗ ನಾನು ಖಾನಾಪುರದ ಕಡೆಯಿಂದ ದಿನಾ ಬಸ್ಸಿನಲ್ಲಿ ಬೆಳಗಾವಿಗೆ ಬರುತ್ತಿದ್ದ ಪದವಿ ವಿದ್ಯಾರ್ಥಿ. ‘ಜಸ್ಟಿಸ್ ಫಾರ್ ರೋಹಿತ್’ ಎಂದು ಒಂದೇ ಪದವಾಗಿ ಕೂಡಿಸಿ ಬರೆದಾಗ, ದಿಲ್ಲಿಯವರ ಸಾಲಿನಲ್ಲಿ ನಮ್ಮದೂ ಒಂದು ಸಾಲು ಕಂಡಿತ್ತು. ಆ ಸಂಭ್ರಮವನ್ನು ಸುಳ್ಳೆನ್ನಲಾರೆ. 2018ರಲ್ಲಿ ಕೇಂದ್ರ ಸರಕಾರ ಟಿ.ವಿ. ವಾಹಿನಿಗಳಿಗೆ ‘ದಲಿತ’ ಪದ ಬಳಸಬೇಡಿ ಎಂದು ಸಲಹೆ ಕೊಟ್ಟಾಗ, ಹಟಕ್ಕೆ ಬಿದ್ದು ಅದನ್ನೇ ಎಲ್ಲದಕ್ಕೂ ಅಂಟಿಸಿದೆವು.

ಆದರೆ ಯಂತ್ರಕ್ಕೆ ನಮ್ಮ ನುಡಿ ತಿಳಿಯದು. ‘ಜೈ’ ಮತ್ತು ‘ಭೀಮ್’ ನಡುವೆ ಜಾಗ ಬಿಟ್ಟರೆ ‘ಜೈ’ ಮಾತ್ರ ಉಳಿದು ಭೀಮ ಹೊರಗೆ ಬೀಳುತ್ತಾನೆ. ‘ಬೆಳಗಾವಿ’ ಬೇರೆ, ‘ಬೆಳಗಾವಿಯಲ್ಲಿ’ ಬೇರೆ. ವಿಭಕ್ತಿ ಪ್ರತ್ಯಯ ಹತ್ತಿದರೆ ಊರೇ ಬದಲಾಗುತ್ತದೆ. ಖಾನಾಪುರದ ನಮ್ಮ ಕೇರಿಗಳಲ್ಲಿ ಮನೆಮಾತು ಮರಾಠಿ, ಶಾಲೆಯ ಮಾತು ಕನ್ನಡ ಆಗಿರುವವರು ಬಹಳ. ನನ್ನ ಸೋದರಮಾವನ ಮಗ ನಾಗರಿ ಲಿಪಿಯಲ್ಲಿ ಜಯಭೀಮ ಬರೆಯುತ್ತಾನೆ, ನಾನು ಕನ್ನಡದಲ್ಲಿ. ಒಂದೇ ಕೇರಿಯ ಇಬ್ಬರು ಅಲ್ಲಿ ಒಬ್ಬರಿಗೊಬ್ಬರು ಕಾಣುವುದಿಲ್ಲ. ಇನ್ನು ನಗರದ ಹೆಸರೇ ಜಗಳದ್ದು. 2014ರ ನವೆಂಬರ್ 1ರಿಂದ ಅಧಿಕೃತವಾಗಿ ಬೆಳಗಾವಿ, ಮರಾಠಿಯವರಿಗೆ ಬೆಳಗಾವ, ಹಳೆ ರೂಢಿಯವರಿಗೆ ಬೆಲ್ಗಾಮ್. ಯಾವುದನ್ನು ಬರೆದರೂ, ನೋವು ಹೇಳುವ ಮೊದಲೇ ಗಡಿ ತಂಟೆಯಲ್ಲಿ ಒಂದು ಪಕ್ಷ ಹಿಡಿದಂತೆ!

ಇಷ್ಟಾದರೂ ತಪ್ಪನ್ನೆಲ್ಲ ಯಂತ್ರದ ತಲೆಗೆ ಕಟ್ಟಲಾರೆ. 2021ರ ನವೆಂಬರಿನಲ್ಲಿ ನಮ್ಮೂರ ಗುಡಿಯ ಕಾರ್ತಿಕದ ಊಟದ ಪಂಕ್ತಿಯಿಂದ ನಮ್ಮಣ್ಣನನ್ನು ಎಬ್ಬಿಸಿದರು. ರಾತ್ರಿ ಕುಂತು ಎಲ್ಲ ಬರೆದೆ. ಅವ್ವ ಬಾಗಿಲಲ್ಲಿ ನಿಂತು, “ಊರ ಹೆಸರು ಹಾಕಬ್ಯಾಡ ತಮ್ಮಾ, ನಾಳೆ ಅವರ ಗದ್ದಿಗೇ ಭತ್ತ ಕೊಯ್ಯಾಕ ಹೋಗೂದೈತಿ” ಅಂದಳು. ಹಾಕಲಿಲ್ಲ. ‘ಜೈಭೀಮ್’, ‘ದಲಿತ’, ‘ಕರ್ನಾಟಕ’ ಎಂದಷ್ಟೇ ಹಾಕಿದೆ. ಅದೇ ತಿಂಗಳು ‘ಜೈ ಭೀಮ್’ ಎಂಬ ತಮಿಳು ಸಿನಿಮಾ ಬಿಡುಗಡೆಯಾಗಿತ್ತು. ಒಳ್ಳೆಯ ಸಿನಿಮಾ, ನಾನೂ ಅತ್ತಿದ್ದೇನೆ. ಆದರೆ ಆ ಹೆಸರಿನಡಿ ಬಂದ ಪೋಸ್ಟರು, ವಿಮರ್ಶೆಗಳ ಪ್ರವಾಹದಲ್ಲಿ ಅಣ್ಣನ ಎಲೆ ಎಲ್ಲಿ ಕೊಚ್ಚಿಹೋಯಿತೋ.

ದೊಡ್ಡ ಹೆಸರಿನ ನೆರಳಿಗೆ ಹೋದವರು ನಾವು. ಊರ ಹೆಸರಿಲ್ಲದ ಅವಮಾನ ಚರಿತ್ರೆಗೆ ಸಿಗುವುದಿಲ್ಲ, ಎಬ್ಬಿಸಿದವರಿಗೆ ಅದಕ್ಕಿಂತ ದೊಡ್ಡ ಅನುಕೂಲವೂ ಇಲ್ಲ. ತಾಲೂಕಿನ ಅಸ್ಪೃಶ್ಯತೆಯ ಮೇಲೆ ಪ್ರಬಂಧ ಬರೆಯುತ್ತಿರುವ ನನ್ನ ವಿದ್ಯಾರ್ಥಿನಿಯೊಬ್ಬಳು ಮೊನ್ನೆ, “ಸರ್, ಖಾನಾಪುರ ಅಂತ ಹುಡುಕಿದ್ರ ಬರೇ ಕಾಡು, ಫಾಲ್ಸು, ರೆಸಾರ್ಟ್ ಬರ್ತಾವ್ರೀ” ಅಂದಳು. ನನ್ನ ಬರಹದ ವಿಷಯ ಅವಳಿಗೆ ಹೇಳಲು ಬಾಯಿ ಬರಲಿಲ್ಲ.

ಅದನ್ನು ಹುಡುಕಿ ತೆಗೆದಿದ್ದೇನೆ. ಈಗಲಾದರೂ ಊರ ಹೆಸರು ಸೇರಿಸಲೇ ಎಂದು ಅವ್ವನನ್ನು ಕೇಳಿದೆ. ಈ ಲೇಖನದಲ್ಲೂ ಆ ಹೆಸರಿಲ್ಲ ಎಂಬುದನ್ನು ನೀವು ಗಮನಿಸಿರಬಹುದು.

“ಈ ಸುಗ್ಗಿ ಒಂದು ಮುಗೀಲಿ, ತಡಿ” ಅಂದಳು.