ಕತ್ತಿ ಹಿಡಿದ ಕೈಯಲ್ಲೇ ಲೇಖನಿ: ಕೆಳದಿ ಬಸವಪ್ಪ ನಾಯಕ

ಶಿಕಾರಿಪುರ, ಸೊರಬ ಸೀಮೆಗಳು ಕೆಳದಿ ಅರಸರ ಆಳ್ವಿಕೆಯಲ್ಲಿದ್ದವು. ಸೊರಬ ತಾಲ್ಲೂಕಿನ ಚಂದ್ರಗುತ್ತಿ ಕೋಟೆ ಅವರ ಬಲವಾದ ನೆಲೆಗಳಲ್ಲೊಂದು. ಆ ವಂಶದಲ್ಲಿ ರಾಜಕಾರಣವನ್ನೂ ಕಾವ್ಯವನ್ನೂ ಸಮನಾಗಿ ನಡೆಸಿದವನು ಬಸವಪ್ಪ ನಾಯಕ.

ರಾಣಿ ಚೆನ್ನಮ್ಮಾಜಿಯ ದತ್ತುಪುತ್ರನಾದ ಈತ 17ನೇ ಶತಮಾನದ ಕೊನೆಯಲ್ಲಿ ಪಟ್ಟಕ್ಕೆ ಬಂದು 1714ರವರೆಗೆ ಬಿದನೂರಿನಿಂದ ಆಳಿದ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಔರಂಗಜೇಬನ ಸೈನ್ಯವನ್ನು ಎದುರಿಸಿದ ತಾಯಿಯ ನೆರಳಲ್ಲಿ ಬೆಳೆದವನು.

1709ರಲ್ಲಿ ಅವನು ಪೂರೈಸಿದ ಸಂಸ್ಕೃತ ಗ್ರಂಥ 'ಶಿವತತ್ತ್ವ ರತ್ನಾಕರ' ಒಂದು ವಿಶ್ವಕೋಶ. ಒಂಬತ್ತು ಕಲ್ಲೋಲ (ವಿಭಾಗ), 108 ತರಂಗಗಳ (ಅಧ್ಯಾಯ) ಈ ಪದ್ಯಕೃತಿಯಲ್ಲಿ ತಂದೆಯಾದ ಬಸವಪ್ಪ ತನ್ನ ಮಗ ಸೋಮಶೇಖರನ ಪ್ರಶ್ನೆಗಳಿಗೆ ಉತ್ತರಿಸುತ್ತಾನೆ. ರಾಜನೀತಿ, ಸಂಗೀತ, ನಾಟ್ಯ, ಶಿಲ್ಪ, ವೈದ್ಯ, ಆನೆ ಕುದುರೆಗಳ ಲಕ್ಷಣ, ಅಡುಗೆಮನೆಯ ವಿಚಾರ, ಕೆಳದಿ ವಂಶದ ಚರಿತ್ರೆ ಎಲ್ಲವೂ ಇಲ್ಲಿವೆ. ಅಡುಗೆಯನ್ನೂ ಶಾಸ್ತ್ರವೆಂದು ಗೌರವಿಸಿದ ಈ ಅರಸನ ಕುತೂಹಲ ನಿಜಕ್ಕೂ ದೊಡ್ಡದು. ಇಂದಿಗೂ ಮಲೆನಾಡಿನ ಇತಿಹಾಸ ಬರೆಯುವವರು ಈ ಗ್ರಂಥವನ್ನು ತೆರೆಯಲೇಬೇಕು.

ರಾಜಕಾರಣದ ಜೊತೆ ಕಾವ್ಯವನ್ನೂ ನಡೆಸಿದವರು ಬೇರೆಡೆಯೂ ಇದ್ದರು: ಅದೇ ಕಾಲದಲ್ಲಿ ಇಂಗ್ಲೆಂಡಿನ ಮ್ಯಾಥ್ಯೂ ಪ್ರಯರ್ ಕವಿತೆ ಬರೆಯುತ್ತಲೇ ಪಾರ್ಲಿಮೆಂಟಿನ ಸದಸ್ಯನೂ ರಾಜತಾಂತ್ರಿಕನೂ ಆಗಿದ್ದ. ಆದರೆ ಬಸವಪ್ಪ ನಾಯಕನ ಹೆಗಲ ಮೇಲೆ ಇಡೀ ರಾಜ್ಯದ ಭಾರವೇ ಇತ್ತು: ಘಟ್ಟದ ಮೇಲಿನ ಕೋಟೆಗಳು, ಕರಾವಳಿಯ ಬಂದರುಗಳು, ಮೆಣಸು ಅಕ್ಕಿಗಳ ವ್ಯಾಪಾರ, ಪೋರ್ಚುಗೀಸರ ಜೊತೆಗಿನ ವ್ಯವಹಾರ.

ಸಂಸ್ಕೃತದ 'ಸುಭಾಷಿತ ಸುರದ್ರುಮ', ಕನ್ನಡದ 'ಸೂಕ್ತಿ ಸುಧಾಕರ' ಅವನ ಇತರ ಕೃತಿಗಳು. 'ಶಿವತತ್ತ್ವ ರತ್ನಾಕರ'ವನ್ನು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಸಂಪುಟಗಳಲ್ಲಿ ಪ್ರಕಟಿಸಿದೆ.