ಕಿತ್ತಿಕೊ–ಹಚ್ಚಿಕೊ: ಒಂದು ಗಾಯರಾಣದ ಕಥೆ

ಮೈಸೂರು ಕಡೆಯವರು ‘ಹಚ್ಚುವುದು’ ಎಂದರೆ ದೀಪವನ್ನು ನೆನೆಯುತ್ತಾರೆ. ಧಾರವಾಡ ಸೀಮೆಯಲ್ಲಿ ದೀಪದಂತೆ ಗಿಡವನ್ನೂ ಹಚ್ಚುವುದುಂಟು. ಅಲ್ಲಿಯ ಕೆಲವು ಹಳ್ಳಿಗಳ ಜನ 1987ರಲ್ಲಿ ಒಂದು ಸತ್ಯಾಗ್ರಹವನ್ನು ಹೂಡಿ, ಅದಕ್ಕೆ ‘ಕಿತ್ತಿಕೊ–ಹಚ್ಚಿಕೊ’ ಎಂಬ ಹೆಸರನ್ನಿಟ್ಟರು. ನಾಲ್ಕು ವರ್ಷ ಮುಂಚೆ, 1983ರಲ್ಲಿ, ಶಿರಸಿಯ ಕಾಡುಗಳಲ್ಲಿ ಮರಗಳನ್ನು ತಬ್ಬಿ ನಿಂತವರ ಚಳುವಳಿಗೆ ‘ಅಪ್ಪಿಕೊ’ ಎಂಬ ಹೆಸರಾಗಿತ್ತು. ಕನ್ನಡದಲ್ಲಿ ಕ್ರಿಯಾಪದಕ್ಕೆ ‘ಕೊಳ್ಳು’ ಸೇರಿದಾಗ, ಕೆಲಸ ಮಾಡಿದವನೇ ಅದರ ಫಲಕ್ಕೂ ಬಾಧ್ಯಸ್ಥನಾಗುತ್ತಾನೆ. ಈ ಚಳುವಳಿಯ ಇತಿಹಾಸವೆಲ್ಲ ಆ ಒಂದು ಪ್ರತ್ಯಯದಲ್ಲಿ ಅಡಗಿದೆಯೆಂದರೂ ಸಲ್ಲುತ್ತದೆ.

ಊರ ಹೊರಗಿನ ಹುಲ್ಲುಗಾವಲಿಗೆ ಹಳೆಯ ಮೈಸೂರಿನಲ್ಲಿ ಗೋಮಾಳವೆಂದೂ ಉತ್ತರದ ಜಿಲ್ಲೆಗಳಲ್ಲಿ ಗಾಯರಾಣವೆಂದೂ ಹೆಸರು. ದನಕರು ಮೇಯುವುದು ಅಲ್ಲಿ. ಒಲೆಯ ಕಟ್ಟಿಗೆ, ನೇಗಿಲಿನ ಮರ, ಬೇಲಿಯ ಮುಳ್ಳು, ಇವೆಲ್ಲ ದೊರೆಯುವುದೂ ಅಲ್ಲಿಯೇ. ಭೂಮಿಯಿಲ್ಲದವನಿಗೂ ಒಂದು ಆಡನ್ನು ಸಾಕುವ ಧೈರ್ಯ ಬರುವುದು ಗಾಯರಾಣ ಇರುವುದರಿಂದ. ಆದರೆ ಸರ್ಕಾರದ ದಫ್ತರದಲ್ಲಿ ಇಂಥ ನೆಲದ ಬಹುಭಾಗ ‘ಸಿ’ ಮತ್ತು ‘ಡಿ’ ವರ್ಗದ ಜಮೀನು, ಎಂದರೆ ಕೃಷಿಗೆ ಒದಗದ ಬೀಳು ಎಂದು ದಾಖಲಾಗಿತ್ತು. ಒಂದೇ ನೆಲ ಊರಿನ ಬಾಯಲ್ಲಿ ತಾಯಿಯಾಗಿ, ಕಡತದಲ್ಲಿ ಬಂಜೆಯಾಗಿ ಉಳಿಯಿತು. ಮುಂದಿನ ಅನರ್ಥಕ್ಕೆಲ್ಲ ಈ ಅಂತರವೇ ಮೂಲ.

ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಎಂಬ ಕಾರ್ಖಾನೆಯಿದೆ. ರೇಯಾನಿಗೆ ಬೇಕಾದ ತಿರುಳನ್ನು ಮರದಿಂದ ತೆಗೆಯುವುದು ಅದರ ಕೆಲಸ. ಅದಕ್ಕೆ ಮರ ಒದಗಿಸುವ ಸಲುವಾಗಿ 1984ರ ನವೆಂಬರ್ 14ರಂದು ಕರ್ನಾಟಕ ಸರ್ಕಾರವೂ ಆ ಕಂಪನಿಯೂ ಕೂಡಿ ‘ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್’ ಎಂಬ ಸಂಸ್ಥೆಯನ್ನು ಕಟ್ಟುವ ಒಪ್ಪಂದ ಮಾಡಿಕೊಂಡವು. ಸರ್ಕಾರದ ಪಾಲು ಶೇಕಡಾ 51, ಕಂಪನಿಯದು 49. ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ನೆಲವನ್ನು 40 ವರ್ಷಗಳ ಗುತ್ತಿಗೆಗೆ ಕೊಟ್ಟು, ಅಲ್ಲಿ ನೀಲಗಿರಿಯಂಥ ಬೇಗ ಬೆಳೆಯುವ ಮರಗಳನ್ನು ಬೆಳೆಸಬೇಕೆಂಬುದು ಯೋಜನೆ. ಬಾಡಿಗೆ ಎಕರೆಗೆ ವರ್ಷಕ್ಕೆ 1 ರೂಪಾಯಿ. ಫಸಲಿನಲ್ಲಿ ಶೇಕಡಾ 87.5 ನೇರವಾಗಿ ಕಾರ್ಖಾನೆಗೆ. ಉಳಿದದ್ದನ್ನು ಕೊಳ್ಳುವ ಅವಕಾಶವೂ ಅದಕ್ಕೇ. ನೀಲಗಿರಿಯ ಎಲೆಗೆ ದನ ಬಾಯಿ ಹಾಕುವುದಿಲ್ಲ. ಊರ ನೆಲವನ್ನು ಕಾಯಬೇಕಾದ ಸರ್ಕಾರವೇ ಅದನ್ನು ಹೀಗೆ ಒಪ್ಪಿಸಿಕೊಟ್ಟಾಗ, ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಮಾತು ಹಳ್ಳಿಗರ ಪಾಲಿಗೆ ಬರಿಯ ಗಾದೆಯಾಗಿ ಉಳಿಯಲಿಲ್ಲ.

ಈ ಒಪ್ಪಂದವನ್ನು ಎದುರಿಸಲು ಮುಂದಾದದ್ದು ಧಾರವಾಡದ ಸಮಾಜ ಪರಿವರ್ತನ ಸಮುದಾಯ. ಅಮೆರಿಕದಿಂದ ಮರಳಿ ಬಂದು ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಯಲ್ಲಿ ಕೆಲಸಕ್ಕೆ ನಿಂತಿದ್ದ ಎಸ್. ಆರ್. ಹಿರೇಮಠರು ಅದರ ಮುಂದಾಳು. ತುಂಗಭದ್ರೆಯ ನೀರು ಕೆಡುವುದರ ವಿರುದ್ಧ ದನಿಯೆತ್ತಿ ಅನುಭವ ಪಡೆದಿದ್ದ ಸಂಘಟನೆ ಅದು. ಹಿರಿಯರಾದ ಶಿವರಾಮ ಕಾರಂತರೂ ಅದರೊಡನೆ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 1987ರ ಮಾರ್ಚ್ 24ರಂದು, ಇನ್ನಷ್ಟು ನೆಲವನ್ನು ಹಸ್ತಾಂತರಿಸಕೂಡದೆಂದು ನ್ಯಾಯಾಲಯ ತಡೆಯಾಜ್ಞೆ ನೀಡಿತು.

ಆಜ್ಞೆ ಕೈಗೆ ಬಂದ ಮೇಲೆ ವಿರಮಿಸಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಹಾನಗಲ್ಲು ತಾಲ್ಲೂಕಿನ ಕೂಸನೂರಿನಲ್ಲಿ ಅಹಿಂಸೆಯ ತರಬೇತಿ ಶಿಬಿರವೊಂದು ನಡೆಯಿತು. ಆ ಊರಿನ ಗಾಯರಾಣದಲ್ಲಿ ನೀಲಗಿರಿ ಆಗಲೇ ಬೇರೂರಿತ್ತು. ಹಳ್ಳಿಗರದೇ ಆದ ಗುಡ್ಡನಾಡು ಅಭಿವೃದ್ಧಿ ಸಮಿತಿ ಹುಟ್ಟಿಕೊಂಡಿತು. ತಮ್ಮ ನೆಲದ ಬಗ್ಗೆ ದೂರದ ಪಟ್ಟಣದಲ್ಲಿ ಬರೆದ ಒಪ್ಪಂದದಲ್ಲಿ ಏನಿದೆಯೆಂದು ತಿಳಿಯುವುದೂ ಒಂದು ವಿದ್ಯೆಯೇ. ಅದನ್ನು ಪಡೆದವನು ಕೋಪವನ್ನು ಸುಮ್ಮನೆ ಚೆಲ್ಲುವುದಿಲ್ಲ. ಅದಕ್ಕೊಂದು ರೂಪ ಕೊಡುತ್ತಾನೆ.

ಆ ರೂಪ ಕಂಡದ್ದು 1987ರ ನವೆಂಬರ್ 14ರಂದು, ಕಂಪನಿಯ ಒಪ್ಪಂದಕ್ಕೆ ಮೂರು ವರ್ಷ ತುಂಬಿದ ದಿನ. ಗಂಡಸರು, ಹೆಂಗಸರು, ಮಕ್ಕಳು ಸೇರಿ ಸುಮಾರು 2,000 ಜನ ಕೂಸನೂರಿನಲ್ಲಿ ನೆರೆದರು. ನಿಷೇಧಾಜ್ಞೆಯಿತ್ತು, ಶಸ್ತ್ರಧಾರಿ ಪೋಲೀಸರಿದ್ದರು. ವಾದ್ಯದವರನ್ನು ಮುಂದಿಟ್ಟುಕೊಂಡು ಮೆರವಣಿಗೆ ಗಾಯರಾಣವನ್ನು ಸೇರಿತು. ಅಲ್ಲಿ ಕಿತ್ತದ್ದು ಸುಮಾರು 100 ನೀಲಗಿರಿ ಸಸಿಗಳನ್ನು ಮಾತ್ರ. ಅಷ್ಟು ಜನ ಮನಸ್ಸು ಮಾಡಿದ್ದರೆ ತೋಪನ್ನೇ ಬಯಲು ಮಾಡಬಹುದಿತ್ತು. ಕಿತ್ತ ಜಾಗದಲ್ಲಿ ಹಣ್ಣಿಗೂ ಮೇವಿಗೂ ಒದಗುವ ಸಸಿಗಳನ್ನು ಹಚ್ಚಿ, ಅವಕ್ಕೆ ನೀರೆರೆದು ಕಾಪಾಡುತ್ತೇವೆಂದು ಪ್ರತಿಜ್ಞೆ ಮಾಡಿ ಅವರು ಚದುರಿದರು. ಕೀಳುವುದು ಒಂದು ದಿನದ ಕೆಲಸ, ಹಚ್ಚಿದ್ದಕ್ಕೆ ನೀರೆರೆಯುವುದು ವರ್ಷಗಳ ದುಡಿಮೆ ಎಂಬುದನ್ನು ಒಕ್ಕಲುಮಕ್ಕಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಮರುವರ್ಷ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ತನ್ನ ತಡೆಯಾಜ್ಞೆಯನ್ನು ಭಾಗಶಃ ಸಡಿಲಿಸಿತು. ಕಾನೂನೊಂದನ್ನೇ ನಂಬಿದ್ದವರು ಇಲ್ಲಿ ಕೈಚೆಲ್ಲುತ್ತಿದ್ದರು. ಜನ ಮಾತ್ರ ಆಗಸ್ಟ್‌ನಲ್ಲಿ ಮತ್ತೆ ಸತ್ಯಾಗ್ರಹಕ್ಕಿಳಿದರು. ಒಂದೆಡೆ ಬಯಲಿನಲ್ಲಿ ಪ್ರತಿಭಟನೆ, ಇನ್ನೊಂದೆಡೆ ನ್ಯಾಯಾಲಯದಲ್ಲಿ ವಾದ, ಮತ್ತೊಂದೆಡೆ ಸಾಲ ಕೊಡುವ ಬ್ಯಾಂಕುಗಳ ಮೇಲೆ ಒತ್ತಡ. ಹೀಗೆ ಮೂರು ವರ್ಷ ಕಳೆದು, 1991ರಲ್ಲಿ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಯನ್ನು ಮುಚ್ಚುವ ತೀರ್ಮಾನವಾಯಿತು. 40 ವರ್ಷಕ್ಕೆಂದು ಬರೆದ ಗುತ್ತಿಗೆ ಏಳು ವರ್ಷಕ್ಕೆ ಮುಗಿದಿತ್ತು.

ಇದೇ ಸಮುದಾಯ 2009ರಲ್ಲಿ ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. 2011ರಲ್ಲಿ ಅಲ್ಲಿ ಗಣಿಗಾರಿಕೆಗೆ ತಡೆಬಿದ್ದಿತು. ಅದೇ 2011ರ ಜನವರಿಯಲ್ಲಿ, ಪಂಜಾಬಿನ ಹಳ್ಳಿಯೊಂದರ ಕೆರೆಯ ಮೊಕದ್ದಮೆಯಲ್ಲಿ, ಊರೊಟ್ಟಿನ ನೆಲದ ಒತ್ತುವರಿಯನ್ನು ತೆರವುಗೊಳಿಸಿ ಗ್ರಾಮಗಳಿಗೆ ಮರಳಿಸುವ ಯೋಜನೆ ರೂಪಿಸಬೇಕೆಂದು ಎಲ್ಲ ರಾಜ್ಯಗಳಿಗೂ ಸುಪ್ರೀಂ ಕೋರ್ಟು ಆದೇಶವಿತ್ತಿತು. ಕೂಸನೂರಿನವರು ಕೇಳಿದ್ದೂ ಹೆಚ್ಚುಕಡಮೆ ಇದನ್ನೇ.

ಆದರೆ ತೀರ್ಪು ತಾನಾಗಿ ಹಳ್ಳಿಗೆ ನಡೆದು ಬರುವುದಿಲ್ಲ. ಯಾವ ಸರ್ವೆ ನಂಬರು ಗಾಯರಾಣ, ಅದರ ಎಲ್ಲೆ ಎಲ್ಲಿಂದ ಎಲ್ಲಿಗೆ ಎಂದು ಬಲ್ಲವರು ಊರಿನಲ್ಲಿ ಇರಬೇಕು. ತಪ್ಪು ನಡೆದಾಗ ನಾಲ್ಕು ಜನರಾದರೂ ಕೂಡಿ ನಿಲ್ಲಬೇಕು. ಆಗ ನ್ಯಾಯಾಲಯದ ಮಾತಿಗೆ ಕೈಕಾಲು ಮೂಡುತ್ತವೆ. ಪಟ್ಟಣದಲ್ಲಿರುವ ನಮ್ಮಲ್ಲಿ ಎಷ್ಟು ಮಂದಿಗೆ ನಮ್ಮ ಬಡಾವಣೆಯ ಕೆರೆಯಂಗಳದ ಎಲ್ಲೆ ಗೊತ್ತು? ಕಿತ್ತಿಕೊಳ್ಳುವುದು, ಹಚ್ಚಿಕೊಳ್ಳುವುದು ಆಮೇಲಿನ ಮಾತು. ಮೊದಲು ತಿಳಿದುಕೊಳ್ಳಬೇಕು.